ಅಸೆಂಬ್ಲಿಯೇ ಯಂತ್ರದ ಮಾತು ಎನ್ನುವುದಾದರೆ, ಅವೇ ನಾಲ್ಕು ಆದೇಶಗಳಿಗೆ ಹತ್ತು ಪಟ್ಟು ಸಮಯ ಏಕೆ?

ಕಬ್ಬಿನಗದ್ದೆ · ಶನಿವಾರ, ರಾತ್ರಿ 9.12

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಮೈಕ್ರೋಪ್ರೊಸೆಸರ್ ಪಾಠದ ಮೊದಲ ದಿನವೇ ನಮಗೆ ಹೇಳಿದ ಮಾತು ಇದು: ಪೈಥಾನ್, ಜಾವಾ ಮುಂತಾದವು ಮನುಷ್ಯನಿಗೆ ಹತ್ತಿರವಾದ ಮೇಲ್ಮಟ್ಟದ ಭಾಷೆಗಳು, ಸಿ ನಡುವೆ ಎಲ್ಲೋ ಇದೆ, ಅಸೆಂಬ್ಲಿ ಮಾತ್ರ ಯಂತ್ರಕ್ಕೆ ಅಂಟಿಕೊಂಡ ಕೆಳಮಟ್ಟದ ಭಾಷೆ, ಅಲ್ಲಿ ಬರೆದದ್ದೇ ಒಳಗೆ ನಡೆಯುತ್ತದೆ. ನಾನು ಇದನ್ನು ನಂಬಿಕೊಂಡಿದ್ದೆ. ಕಳೆದ ವಾರ ಆ ನಂಬಿಕೆ ಅಲುಗಾಡಿತು.

4096 ಅಡ್ಡಸಾಲು ಮತ್ತು 4096 ಕಂಬಸಾಲುಗಳ ಒಂದು ಪೂರ್ಣಾಂಕ ಕೋಷ್ಟಕವನ್ನು, ಅಂದರೆ ಒಟ್ಟು 64 ಎಂಬಿ ಅಂಕೆಗಳನ್ನು, ಸಿ ಭಾಷೆಯಲ್ಲಿ ಎರಡು ಬಗೆಯಲ್ಲಿ ಕೂಡಿಸಿದೆ. ಒಮ್ಮೆ ಅಡ್ಡಸಾಲಿನ ಗುಂಟ ನಡೆದೆ, ಇನ್ನೊಮ್ಮೆ ಕಂಬಸಾಲಿನ ಗುಂಟ ಇಳಿದೆ. ಮೊತ್ತ ಒಂದೇ ಬಂದಿತು, ಆದರೆ ಎರಡನೆಯದಕ್ಕೆ ನನ್ನ ಲ್ಯಾಪ್‌ಟಾಪ್ ಹತ್ತು ಪಟ್ಟಿಗಿಂತ ಹೆಚ್ಚು ಸಮಯ ತೆಗೆದುಕೊಂಡಿತು. ಸಿ ಸಾಲುಗಳನ್ನು ಯಂತ್ರದ ಆದೇಶಗಳಾಗಿ ಬದಲಿಸುವ ಕಂಪೈಲರ್ ಏನೋ ಕಿತಾಪತಿ ಮಾಡಿರಬೇಕು ಎಂದುಕೊಂಡು ಅದು ಹೊರಡಿಸಿದ ಅಸೆಂಬ್ಲಿಯನ್ನು ತೆರೆದು ನೋಡಿದೆ. ಎರಡರ ಒಳಸುತ್ತಿನಲ್ಲೂ ಇದ್ದವು ನಾಲ್ಕೇ ಆದೇಶಗಳು: ಮೆಮೊರಿಯಲ್ಲಿರುವುದನ್ನು ಕೂಡು, ವಿಳಾಸವನ್ನು ಮುಂದೆ ಸರಿಸು, ಹೋಲಿಸು, ಹಿಂದಕ್ಕೆ ಹಾರು. ಮೊದಲನೆಯದರಲ್ಲಿ ವಿಳಾಸ 4 ಬೈಟ್ ಮುಂದೆ ಸರಿಯುತ್ತದೆ, ಎರಡನೆಯದರಲ್ಲಿ 16384 ಬೈಟ್. ವ್ಯತ್ಯಾಸ ಅಷ್ಟೇ. ಯಂತ್ರಕ್ಕೆ 4ನ್ನು ಕೂಡುವುದಕ್ಕಿಂತ 16384ನ್ನು ಕೂಡುವುದು ಕಷ್ಟವೇ? ಬರೆದದ್ದೇ ನಡೆಯುವುದಾದರೆ ಈ ಹತ್ತು ಪಟ್ಟನ್ನು ಎಲ್ಲಿ ಬರೆದಿದೆ?

ಅರ್ಧವಿರಾಮ · ರಾತ್ರಿ 9.20

ಕೂಡುವುದು ಕಷ್ಟವಲ್ಲ, ತರುವುದು ಕಷ್ಟ. ಚಿಪ್ ತನ್ನೊಳಗೆ ಇಟ್ಟುಕೊಳ್ಳುವ ಸಣ್ಣ, ವೇಗದ ಕ್ಯಾಶ್ ಮೆಮೊರಿಯ ಬಗ್ಗೆ ಓದಿಕೊಳ್ಳಿ.

ಹಳೆಯ_ಹೆಕ್ಸ್ · ರಾತ್ರಿ 10.05

ಒಂದು ಸಾಲಿನ ಉತ್ತರ ಸರಿಯೇ, ಆದರೆ ಹುಡುಗನ ಪ್ರಶ್ನೆ ಅದಕ್ಕಿಂತ ದೊಡ್ಡದು. ನಿಮ್ಮ ಮೇಷ್ಟ್ರು ಹೇಳಿದ್ದು ಸುಳ್ಳಲ್ಲ, ಆದರೆ ಅದು 1976ರ ಸತ್ಯ. ಆ ವರ್ಷ ಹೊರಬಂದ ಇಂಟೆಲ್ 8085 ಚಿಪ್‌ನಲ್ಲಿ ಇದ್ದದ್ದು ಸುಮಾರು 6500 ಟ್ರಾನ್ಸಿಸ್ಟರ್‌ಗಳು. ಮನಸ್ಸು ಮಾಡಿದರೆ ಅದರ ಒಳಗನ್ನು ಒಬ್ಬ ಮನುಷ್ಯ ತಲೆಯಲ್ಲಿ ಇಟ್ಟುಕೊಳ್ಳಬಹುದು. ನಾನು ಮೈಸೂರಿನಲ್ಲಿ ಬಹುಕಾಲ ಇದನ್ನೇ ಪಾಠ ಮಾಡಿ ನಿವೃತ್ತನಾದವನು, ಆದ್ದರಿಂದ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ರಿಜಿಸ್ಟರ್ ಎಂದರೆ ಚಿಪ್‌ನ ಒಳಗೆ ಒಂದು ಸಂಖ್ಯೆ ಹಿಡಿಸುವ ಖಾನೆ. 'ಎ' ರಿಜಿಸ್ಟರ್‌ಗೆ 5ನ್ನು ಹಾಕು ಎಂಬುದಕ್ಕೆ ಅಸೆಂಬ್ಲಿಯಲ್ಲಿ 'ಎಂವಿಐ ಎ, 05' ಎಂದು ಬರೆಯುತ್ತೇವೆ, ಕಿಟ್‌ಗೆ, ಅಂದರೆ ಕೀಲಿಗಳಿರುವ ಅಭ್ಯಾಸದ ಹಲಗೆಗೆ, ಹದಿನಾರರ ಎಣಿಕೆಯಾದ ಹೆಕ್ಸ್‌ನಲ್ಲಿ '3ಇ 05' ಎಂದು ಒತ್ತುತ್ತೇವೆ. ಈ 3ಇ ಎಂಬುದು ಯಾರೋ ಮನಸ್ಸಿಗೆ ಬಂದಂತೆ ಕೊಟ್ಟ ಸಂಖ್ಯೆಯಲ್ಲ. ಅದನ್ನು ಬಿಟ್‌ಗಳಾಗಿ ಬಿಡಿಸಿದರೆ 00 111 110 ಎಂದಾಗುತ್ತದೆ. ನಡುವಿನ 111 ಎಂದರೆ 'ಎ' ರಿಜಿಸ್ಟರ್. ಆ ಜಾಗದಲ್ಲಿ 000 ಇಟ್ಟರೆ 06 ಆಗಿ, 5 'ಬಿ' ರಿಜಿಸ್ಟರ್‌ಗೆ ಹೋಗುತ್ತದೆ. 001 ಇಟ್ಟರೆ 0ಇ ಆಗಿ 'ಸಿ'ಗೆ ಹೋಗುತ್ತದೆ. ಆ ಮೂರು ಬಿಟ್‌ಗಳು ಚಿಪ್‌ನ ಒಳಗೆ ಮೂರು ತಂತಿಗಳಾಗಿ ಹರಿದು ಯಾವ ರಿಜಿಸ್ಟರ್‌ನ ಬಾಗಿಲು ತೆರೆಯಬೇಕು ಎಂಬುದನ್ನು ತೀರ್ಮಾನಿಸುತ್ತವೆ. ರಿಜಿಸ್ಟರ್‌ನಿಂದ ರಿಜಿಸ್ಟರ್‌ಗೆ ಸಾಗಿಸುವ 'ಮೂವ್' ಆದೇಶಗಳೆಲ್ಲ 01 ಎಂದು ಆರಂಭವಾಗಿ, ಮುಂದಿನ ಮೂರು ಬಿಟ್ ತಲುಪುವ ಜಾಗ, ಕೊನೆಯ ಮೂರು ಬಿಟ್ ಹೊರಡುವ ಜಾಗ. ಇದರಲ್ಲಿ 01 110 110 ಎಂಬುದಕ್ಕೆ ಮೆಮೊರಿಯಿಂದ ಅದೇ ಮೆಮೊರಿಗೆ ಎಂಬ ಅರ್ಥ ಬರಬೇಕಿತ್ತು. ಅಂಥ ಅರ್ಥವಿಲ್ಲದ ಕೆಲಸ ಯಾರಿಗೂ ಬೇಡವಾದ್ದರಿಂದ ಆ ಖಾಲಿ ಮನೆಯನ್ನು 'ನಿಲ್ಲು' ಎಂಬ ಆದೇಶಕ್ಕೆ ಬಾಡಿಗೆಗೆ ಕೊಟ್ಟರು. ಅದೇ ನೀವು ಬಾಯಿಪಾಠ ಮಾಡಿರುವ 76.

ಸಮಯವೂ ಹಾಗೆಯೇ ಅಂಗೈಯಲ್ಲಿ ಇರುತ್ತಿತ್ತು. 'ಸಿ' ರಿಜಿಸ್ಟರ್‌ನಲ್ಲಿ 255 ಇಟ್ಟು, ಒಂದೊಂದೇ ಕಳೆಯುತ್ತ, ಸೊನ್ನೆ ಆಗುವವರೆಗೂ ಹಿಂದಕ್ಕೆ ಹಾರುವ ಸುತ್ತಿಗೆ 3574 ಟಿ-ಸ್ಟೇಟ್‌ಗಳು, ಅಂದರೆ ಗಡಿಯಾರದ ಬಡಿತಗಳು, ಬೇಕು. 7ರಿಂದ ಆರಂಭಿಸಿ, ಪ್ರತಿ ಸುತ್ತಿಗೆ 14ರಂತೆ 255 ಸುತ್ತು ಕೂಡಿಸಿ, ಕೊನೆಯ ಸಲ ಹಾರದೆ ಉಳಿಯುವುದರಿಂದ 3 ಕಳೆದರೆ ಆ ಲೆಕ್ಕ ಬರುತ್ತದೆ. 3.072 ಮೆಗಾಹರ್ಟ್ಸ್ ಗಡಿಯಾರದಲ್ಲಿ ಅದು ಸುಮಾರು 1.16 ಮಿಲಿಸೆಕೆಂಡ್. ಕಾಗದದ ಮೇಲೆ ಬಂದ ಉತ್ತರವೇ ಆಸಿಲೋಸ್ಕೋಪ್‌ನಲ್ಲೂ ಬರುತ್ತಿತ್ತು. ನಿಮ್ಮ ಮೇಷ್ಟ್ರ ಮಾತು ನಿಂತಿರುವುದು ಈ ಯಂತ್ರದ ಮೇಲೆ. ನಿಮ್ಮ ಲ್ಯಾಪ್‌ಟಾಪ್ ಆ ವಂಶದ್ದೇ ಆದರೂ ಆ ಮನೆಯದಲ್ಲ.

ಚಾಮುಂಡಿಪಾದ · ರಾತ್ರಿ 10.31

ಗೌರವದಿಂದಲೇ ಭಿನ್ನಾಭಿಪ್ರಾಯ ತಿಳಿಸುತ್ತೇನೆ. ನಾನು ಎಂಟು ವರ್ಷಗಳಿಂದ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ, ಒಂದು ದಿನವೂ 3ಇ ಎಂಬುದು ನನ್ನ ದಾರಿಗೆ ಅಡ್ಡ ಬಂದಿಲ್ಲ. ಮಕ್ಕಳ ಒಂದು ಇಡೀ ಸೆಮಿಸ್ಟರನ್ನು ಹೆಕ್ಸ್ ಒತ್ತಿಸುವುದರಲ್ಲಿ ಕಳೆಯುವ ಬದಲು ಡೇಟಾಬೇಸ್ ಕಲಿಸಿದ್ದರೆ ಅವರಿಗೆ ಕೆಲಸವಾದರೂ ಸಿಗುತ್ತಿತ್ತು. ಈ ಹುಡುಗನಿಗೆ ಬೇಕಾದದ್ದು ಅಡ್ಡಸಾಲಿನ ಗುಂಟ ನಡೆ ಎಂಬ ಒಂದು ನಿಯಮ ಮಾತ್ರ.

ಹಳೆಯ_ಹೆಕ್ಸ್ · ರಾತ್ರಿ 10.58

ನಿಯಮ ಮಾತ್ರ ಕೊಟ್ಟರೆ ನಿಯಮ ಮುರಿದ ದಿನ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಾನೇ ಎಡವಿದ ಒಂದು ಕಥೆ ಹೇಳುತ್ತೇನೆ.

ನಾನು ಮೇಷ್ಟ್ರಾದ ಮೊದಲ ವರ್ಷ, 255 ಸಾಲದೆ ಇನ್ನೂ ಉದ್ದವಾದ ತಡೆ ಬೇಕಾಗಿ, 'ಡಿ' ಮತ್ತು 'ಇ' ರಿಜಿಸ್ಟರ್‌ಗಳ ಜೋಡಿಯಲ್ಲಿ 16 ಬಿಟ್‌ನ ಸಂಖ್ಯೆ ಇಟ್ಟು, 'ಡಿಸಿಎಕ್ಸ್' ಆದೇಶದಿಂದ ಒಂದೊಂದೇ ಕಳೆದು, ಸೊನ್ನೆಯಲ್ಲದಿದ್ದರೆ ಹಾರು ಎಂದು ಕಪ್ಪು ಹಲಗೆಯ ಮೇಲೆ ಬರೆದುಕೊಟ್ಟೆ. ಪ್ರಯೋಗಾಲಯದಲ್ಲಿ ಹದಿನೈದು ಕಿಟ್‌ಗಳಲ್ಲಿ ದೀಪ ಹತ್ತಿತು, ಹದಿನೈದರಲ್ಲೂ ಆರಲೇ ಇಲ್ಲ. ವಿದ್ಯಾರ್ಥಿಗಳು ನನ್ನ ಮುಖ ನೋಡಿದರು, ನಾನು ಕಿಟ್‌ನ ಮುಖ ನೋಡಿದೆ. ಸಂಜೆ ಕೈಪಿಡಿ ಬಿಡಿಸಿದಾಗ ಗೊತ್ತಾದದ್ದು, 'ಡಿಸಿಎಕ್ಸ್' ಲೆಕ್ಕದ ಫಲ ಹೇಗಿತ್ತೆಂದು ಗುರುತಿಟ್ಟುಕೊಳ್ಳುವ ಒಂದು ಬಿಟ್‌ನ ಫ್ಲ್ಯಾಗ್‌ಗಳಲ್ಲಿ ಯಾವುದನ್ನೂ ಮುಟ್ಟುವುದಿಲ್ಲ ಎಂದು. ಕಳೆದು ಕಳೆದು ಸೊನ್ನೆಯಾದರೂ ಸೊನ್ನೆಯಾಯಿತು ಎಂದು ಹೇಳುವ ಫ್ಲ್ಯಾಗ್ ಏಳುವುದೇ ಇಲ್ಲ. ಹಾರುವ ಆದೇಶ ಹಿಂದೆಂದೋ ಉಳಿದುಹೋದ ಫ್ಲ್ಯಾಗನ್ನು ನೋಡಿ ಹಾರುತ್ತಲೇ ಇರುತ್ತದೆ. 'ಇ'ಯನ್ನು 'ಎ'ಗೆ ತಂದು 'ಡಿ'ಯೊಂದಿಗೆ 'ಅಥವಾ' ಮಾಡಿಸಿದರೆ ಮಾತ್ರ ಫ್ಲ್ಯಾಗ್ ಸರಿಯಾಗುತ್ತದೆ.

ಏಕೆ ಹೀಗೆ ಎಂಬುದೇ ಇಲ್ಲಿ ಮುಖ್ಯ. 8 ಬಿಟ್ ಕಳೆಯುವುದನ್ನು ಮಾಡುವುದು ಚಿಪ್‌ನ ಲೆಕ್ಕದ ಘಟಕವಾದ ಎಎಲ್‌ಯು, ಫ್ಲ್ಯಾಗ್‌ಗಳು ಇರುವುದು ಅದರ ಪಕ್ಕದಲ್ಲಿ. 16 ಬಿಟ್‌ನಲ್ಲಿ ಒಂದನ್ನು ಕಳೆಯುವುದಕ್ಕೆ ಬೇರೆ ಸರ್ಕ್ಯೂಟ್ ಇದೆ. ವಿಳಾಸಗಳನ್ನು ಒಂದೊಂದು ಹೆಜ್ಜೆ ಏರಿಸಿ ಇಳಿಸುವುದಷ್ಟೇ ಅದರ ಕಸುಬು. ಅದಕ್ಕೂ ಫ್ಲ್ಯಾಗ್‌ಗಳಿಗೂ ಸಂಪರ್ಕವೇ ಇಲ್ಲ. ಭಾಷೆಯಲ್ಲಿ ವಿಚಿತ್ರ ನಿಯಮದಂತೆ ಕಾಣುವುದು ಚಿಪ್‌ನಲ್ಲಿ ಯಾವ ಸರ್ಕ್ಯೂಟ್ ಎಲ್ಲಿದೆ ಎಂಬುದರ ಫಲ. ಇದನ್ನು ಡೇಟಾಬೇಸ್ ತರಗತಿಯಲ್ಲಿ ಕಲಿಸಲಾಗುವುದಿಲ್ಲ.

ಅರ್ಧವಿರಾಮ · ರಾತ್ರಿ 11.02

ಹದಿನೈದು ಕಿಟ್‌ಗಳು ಒಟ್ಟಿಗೆ ಕೆಲಸ ಮಾಡುತ್ತಿದ್ದವು ಎಂಬುದೇ ಈ ಕಥೆಯಲ್ಲಿ ನಂಬಲಾಗದ ಭಾಗ.

ನಾಲೆಬದಿ · ಭಾನುವಾರ, ಬೆಳಿಗ್ಗೆ 6.40

ಚಾಮುಂಡಿಪಾದ ಅವರೇ, ನಿಮ್ಮ ದಾರಿಗೆ ಅಡ್ಡ ಬಂದಿಲ್ಲದಿರಬಹುದು, ನನ್ನ ಗದ್ದೆಗೆ ಅಡ್ಡ ಬಂದಿದೆ. ನಾನು ಪಾಂಡವಪುರದ ಕಡೆಯವನು. ಪಂಪ್‌ಸೆಟ್‌ಗಳಿಗೆ ಸಣ್ಣ ನಿಯಂತ್ರಕ ಪೆಟ್ಟಿಗೆಗಳನ್ನು ಮಾಡಿಕೊಡುತ್ತೇನೆ. ಆರ್ಡುಯಿನೊ ಊನೊ ಹಲಗೆ, ಅದರ ಮೇಲೆ ಎಟಿಮೆಗಾ328ಪಿ ಚಿಪ್, 16 ಮೆಗಾಹರ್ಟ್ಸ್ ಗಡಿಯಾರ, 2 ಕೆಬಿ ರ್‍ಯಾಮ್. ಕರೆಂಟು ಬಂದ ಕೂಡಲೇ ಮೋಟಾರು ಎದ್ದರೆ ವೋಲ್ಟೇಜ್ ಏರುಪೇರಿನಲ್ಲಿ ಸುರುಳಿ ಸುಟ್ಟುಹೋಗುತ್ತದೆಂದು, ಸ್ವಲ್ಪ ಹೊತ್ತು ಕಾದು ಆಮೇಲೆ ಮೋಟಾರು ಹಾಕುವಂತೆ ಬರೆದಿದ್ದೆ. ಮನೆಯಲ್ಲಿ ಪರೀಕ್ಷಿಸುವಾಗ 30 ಸೆಕೆಂಡ್ ಇಟ್ಟಿದ್ದೆ, ಕಾಯುವ ಆದೇಶಕ್ಕೆ '30 ಗುಣಿಸು 1000' ಎಂದು ಮಿಲಿಸೆಕೆಂಡ್ ಕೊಟ್ಟಿದ್ದೆ. ಚೆನ್ನಾಗಿ ನಡೆಯಿತು. ಜಮೀನಿನಲ್ಲಿ ಅಳವಡಿಸುವಾಗ ಒಂದು ನಿಮಿಷವಿರಲಿ ಎಂದು 30 ಇದ್ದಲ್ಲಿ 60 ಮಾಡಿ ಬಂದೆ.

ಮರುದಿನ ಆ ರೈತರು ಫೋನ್ ಮಾಡಿ, ಕರೆಂಟು ಬಂದರೂ ಮೋಟಾರು ಎದ್ದಿಲ್ಲ ಎಂದರು. ಎರಡು ದಿನ ತಂತಿ, ರಿಲೇ, ಸ್ಟಾರ್ಟರ್ ಎಲ್ಲವನ್ನೂ ಬಿಚ್ಚಿ ಜೋಡಿಸಿದೆ. ದೋಷ ಇದ್ದದ್ದು ಗುಣಾಕಾರದಲ್ಲಿ. ಈ ಚಿಪ್‌ನ ಕಂಪೈಲರ್‌ಗೆ ಸಾಮಾನ್ಯ ಪೂರ್ಣಾಂಕ ಎಂದರೆ 16 ಬಿಟ್, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 32767. 30 ಸಾವಿರ ಹಿಡಿಸಿತು, 60 ಸಾವಿರ ಉಕ್ಕಿ −5536 ಆಯಿತು. ಕಾಯುವ ಆದೇಶಕ್ಕೆ ಋಣಸಂಖ್ಯೆ ಗೊತ್ತಿಲ್ಲ; ಅದು ಅದನ್ನು 32 ಬಿಟ್‌ನ ಧನಸಂಖ್ಯೆಯಾಗಿ ಓದಿಕೊಂಡಾಗ 4294961760 ಮಿಲಿಸೆಕೆಂಡ್ ಆಯಿತು. ಅಂದರೆ 49 ದಿನ ಮುಗಿದು ಐವತ್ತನೆಯ ದಿನ ನಡೆಯುವವರೆಗೂ ಮೋಟಾರು ಏಳಬಾರದು ಎಂದು ನಾನೇ ಹೇಳಿದಂತಾಗಿತ್ತು. ನಡುವೆ ಕರೆಂಟು ಹೋದಾಗಲೆಲ್ಲ ಲೆಕ್ಕ ಮತ್ತೆ ಮೊದಲಿನಿಂದ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪೂರ್ಣಾಂಕ 32 ಬಿಟ್ ಆದ್ದರಿಂದ ಅಲ್ಲಿ ಇದೇ ಸಾಲು ಸರಿಯಾಗಿ 60000 ಎಂದು ತೋರಿಸುತ್ತಿತ್ತು.

ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಗುಣಾಕಾರ ಬಿಟ್ಟು ನೇರವಾಗಿ 60000 ಎಂದೇ ಬರೆದಿದ್ದರೆ ಈ ತೊಂದರೆ ಬರುತ್ತಲೇ ಇರಲಿಲ್ಲ. ಒಂಟಿ ಸಂಖ್ಯೆ 16 ಬಿಟ್‌ನಲ್ಲಿ ಹಿಡಿಸದಿದ್ದರೆ ಸಿ ಭಾಷೆ ತಾನಾಗಿಯೇ ದೊಡ್ಡ ಪಾತ್ರೆ ತೆಗೆದುಕೊಳ್ಳುತ್ತದೆ; ಎರಡು ಸಣ್ಣ ಸಂಖ್ಯೆಗಳನ್ನು ಗುಣಿಸಿದರೆ ಮಾತ್ರ ಸಣ್ಣ ಪಾತ್ರೆಯಲ್ಲೇ ಉಕ್ಕಿಸುತ್ತದೆ.

ತುಕ್ಕು_ಅಭಿಮಾನಿ · ಬೆಳಿಗ್ಗೆ 8.15

ರಸ್ಟ್ ಭಾಷೆಯಲ್ಲಿ ಈ ತಪ್ಪು ನಡೆಯುತ್ತಲೇ ಇರಲಿಲ್ಲ. ಅಲ್ಲಿ ಪೂರ್ಣಾಂಕದ ಹೆಸರಿನಲ್ಲೇ ಅಳತೆ ಇದೆ, ಐ16 ಎಂದರೆ 16 ಬಿಟ್, ಐ32 ಎಂದರೆ 32 ಬಿಟ್, ಯಂತ್ರ ಬದಲಾದರೂ ಅದು ಬದಲಾಗುವುದಿಲ್ಲ. ಐ16ರಲ್ಲಿ 60ನ್ನು 1000ದಿಂದ ಗುಣಿಸಲು ಹೋದರೆ ಉಕ್ಕುತ್ತದೆ ಎಂದು ಕಂಪೈಲರ್ ಅಲ್ಲೇ ಬಾಗಿಲು ಹಾಕುತ್ತದೆ. ಕೆಳಮಟ್ಟ ಎಂದರೆ ಕೈಕಾಲು ಮುರಿದುಕೊಳ್ಳುವ ಸ್ವಾತಂತ್ರ್ಯ ಎಂದು ಯಾರು ಹೇಳಿದರು? 2022ರ ಡಿಸೆಂಬರ್‌ನಲ್ಲಿ ಬಂದ 6.1ನೆಯ ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಕರ್ನಲ್ ಕೂಡ ರಸ್ಟ್‌ಗೆ ಜಾಗ ಕೊಟ್ಟಿದೆ.

ನಾಲೆಬದಿ · ಬೆಳಿಗ್ಗೆ 8.22

ಯಾರಾದರೂ ರಸ್ಟ್ ಎಂದು ಬರೆಯಲು ಎಷ್ಟು ಹೊತ್ತಾಗುತ್ತದೆಂದು ಗಡಿಯಾರ ನೋಡುತ್ತಿದ್ದೆ. ನೀವು ಹೇಳಿದ್ದು ಸರಿ ಎಂದೂ ಒಪ್ಪಿಕೊಳ್ಳುತ್ತೇನೆ. ಸಿ ಕಂಪೈಲರ್ ಕೂಡ ಎಚ್ಚರಿಕೆ ಕೊಡಬಲ್ಲದು, ಆರ್ಡುಯಿನೊ ತಂತ್ರಾಂಶದಲ್ಲಿ ಆ ಎಚ್ಚರಿಕೆಗಳು ಮೊದಲೇ ಮುಚ್ಚಿಟ್ಟಿರುತ್ತವೆ, ನಾನು ತೆರೆದು ನೋಡಿರಲಿಲ್ಲ.

ಹೆಬ್ಬಾಳದಿಂದ · ಬೆಳಿಗ್ಗೆ 10.10

ನಾನು ಮೈಸೂರಿನ ಹೆಬ್ಬಾಳದಲ್ಲಿ ಚಿಪ್ ವಿನ್ಯಾಸವನ್ನು ಪರಿಶೀಲಿಸುವ ಕೆಲಸದಲ್ಲಿದ್ದೇನೆ. ಮೂಲ ಪ್ರಶ್ನೆಗೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲವಾದ್ದರಿಂದ ಅಲ್ಲಿಗೆ ಮರಳುತ್ತೇನೆ.

ನಿಮ್ಮ ಲ್ಯಾಪ್‌ಟಾಪ್‌ನ ಅಸೆಂಬ್ಲಿ ಯಂತ್ರದ ಒಳಗಿನ ವಿವರಣೆಯಲ್ಲ, ಅದು ಯಂತ್ರದೊಂದಿಗೆ ಮಾಡಿಕೊಂಡ ಒಂದು ಕರಾರು. ಇಂಥ ಆದೇಶ ಕೊಟ್ಟರೆ ಇಂಥ ಫಲ ಬರುತ್ತದೆ ಎಂಬುದನ್ನು ಮಾತ್ರ ಕರಾರು ಹೇಳುತ್ತದೆ. ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ ಎಂಬುದರ ಬಗ್ಗೆ ಬಾಯಿ ಬಿಡುವುದಿಲ್ಲ. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಸಾಲಿನ ಯಂತ್ರಗಳನ್ನು ಪ್ರಕಟಿಸಿದಾಗಲೇ ಈ ವಿಚಾರ ಗಟ್ಟಿಯಾಯಿತು. ಅಗ್ಗದ ಯಂತ್ರಕ್ಕೂ ದುಬಾರಿ ಯಂತ್ರಕ್ಕೂ ಆದೇಶಗಳು ಒಂದೇ, ಒಳಗಿನ ಸರ್ಕ್ಯೂಟ್ ಬೇರೆ ಬೇರೆ. 1995ರ ಪೆಂಟಿಯಂ ಪ್ರೊ ಬಂದ ಮೇಲೆ ಇಂಟೆಲ್‌ನ ಚಿಪ್‌ಗಳು ನೀವು ಬರೆದ ಆದೇಶವನ್ನು ಒಳಗೆ ಇನ್ನೂ ಸಣ್ಣ ಮೈಕ್ರೋ-ಆದೇಶಗಳಾಗಿ ಒಡೆದು, ಸಿದ್ಧವಾದದ್ದನ್ನು ಮೊದಲು ಮಾಡಿ, ಹೊರಗೆ ಮಾತ್ರ ಎಲ್ಲವೂ ಸಾಲಾಗಿ ನಡೆದಂತೆ ತೋರಿಸುತ್ತವೆ. ನಿಮಗೆ ಕಾಣುವ ರಿಜಿಸ್ಟರ್ ಹೆಸರುಗಳು 16, ಒಳಗೆ ಇರುವ ನಿಜವಾದ ರಿಜಿಸ್ಟರ್‌ಗಳು ನೂರಕ್ಕೂ ಹೆಚ್ಚು.

ಈಗ ನಿಮ್ಮ ಹತ್ತು ಪಟ್ಟಿಗೆ ಬರೋಣ. ಚಿಪ್ ಮೆಮೊರಿಯಿಂದ 4 ಬೈಟ್ ಕೇಳಿದರೂ ಬರುವುದು 64 ಬೈಟ್‌ನ ಒಂದು ಪಟ್ಟಿ, ಅದು ಕ್ಯಾಶ್‌ನಲ್ಲಿ ಕೂರುತ್ತದೆ. ಅಡ್ಡಸಾಲಿನ ಗುಂಟ ನಡೆದಾಗ ಒಂದು ಸಲ ತಂದ ಪಟ್ಟಿಯಲ್ಲಿ ನಿಮಗೆ ಬೇಕಾದ 16 ಅಂಕೆಗಳು ಸಿಗುತ್ತವೆ, ಮುಂದಿನ ಪಟ್ಟಿಯನ್ನು ಚಿಪ್ ಊಹಿಸಿ ಮೊದಲೇ ತಂದಿಟ್ಟಿರುತ್ತದೆ. ಕಂಬಸಾಲಿನ ಗುಂಟ ಇಳಿದಾಗ ಪ್ರತಿ ಅಂಕೆಗೂ ಹೊಸ ಪಟ್ಟಿ ಬೇಕು, ತಂದ 16ರಲ್ಲಿ 15 ಆ ಹೊತ್ತಿಗೆ ಬೇಡ.

ನಾಲೆಬದಿ · ಬೆಳಿಗ್ಗೆ 10.25

ನಮ್ಮ ವಿಶ್ವೇಶ್ವರಯ್ಯ ನಾಲೆಯೂ ಹೀಗೆಯೇ. ನಿಮಗೆ ಒಂದು ಚೊಂಬು ನೀರು ಬೇಕಾದರೂ ತೂಬು ಎತ್ತಿದರೆ ಕಾಲುವೆಯ ತುಂಬ ಬರುತ್ತದೆ. ಕಾಲುವೆಯ ಅಂಚಿನ ಗದ್ದೆಗಳಿಗೆ ಸಾಲಾಗಿ ಹಾಯಿಸಿಕೊಂಡು ಹೋದರೆ ಒಂದು ಸರದಿಯಲ್ಲೇ ಎಲ್ಲವೂ ನೆನೆಯುತ್ತವೆ. ಒಂದು ಗದ್ದೆ ಇಲ್ಲಿ, ಇನ್ನೊಂದು ಬೇರೆ ಕಾಲುವೆಯ ಕೊನೆಯಲ್ಲಿ ಎಂದರೆ ಪ್ರತಿ ಸಲವೂ ಕನ್ನಂಬಾಡಿ ಕಟ್ಟೆಯಿಂದ ನೀರು ಬರುವ ತನಕ ಕಾಯಬೇಕು.

ಹೆಬ್ಬಾಳದಿಂದ · ಬೆಳಿಗ್ಗೆ 10.41

ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಕುಂಟುತ್ತದೆ. ನೀರು ಬಿಟ್ಟರೆ ಕಟ್ಟೆಯಲ್ಲಿ ಕಡಿಮೆಯಾಗುತ್ತದೆ, ಮೆಮೊರಿಯಲ್ಲಿ ಏನೂ ಕಡಿಮೆಯಾಗುವುದಿಲ್ಲ, ಬರುವುದು ಪ್ರತಿ ಮಾತ್ರ. ಕಟ್ಟೆಯಿಂದ ಯಾರಿಗೆ ಎಷ್ಟು ನೀರು ಬಿಡಬೇಕೆಂಬ ಚರ್ಚೆಯನ್ನು ದಯವಿಟ್ಟು ಇಲ್ಲಿ ಆರಂಭಿಸಬೇಡಿ.

ನಿಮ್ಮ ಪ್ರೋಗ್ರಾಂನಲ್ಲಿ ಇನ್ನೊಂದು ಗಂಟು ಇದೆ, ಅದನ್ನು ಕಬ್ಬಿನಗದ್ದೆ ಅವರೇ ಪರೀಕ್ಷಿಸಿ ನೋಡಲಿ. ಮೊದಲ ಹಂತದ ಕ್ಯಾಶ್ 32 ಕೆಬಿ ಇದ್ದು 64 ಗೂಡುಗಳಾಗಿ, ಪ್ರತಿ ಗೂಡಿನಲ್ಲಿ 8 ಪಟ್ಟಿಗಳಂತೆ ಹಂಚಿಕೊಂಡಿದೆ ಎಂದು ಇಟ್ಟುಕೊಳ್ಳಿ. ಬಹಳಷ್ಟು ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಇದೇ ಏರ್ಪಾಡು. ಯಾವ ಪಟ್ಟಿ ಯಾವ ಗೂಡಿಗೆ ಎಂಬುದನ್ನು ವಿಳಾಸದ ಬಿಟ್‌ಗಳೇ ತೀರ್ಮಾನಿಸುತ್ತವೆ ಮತ್ತು ಪ್ರತಿ 4096 ಬೈಟ್‌ಗೆ ಅದೇ ಗೂಡು ಮರಳಿ ಬರುತ್ತದೆ. ನಿಮ್ಮ ಹೆಜ್ಜೆ 16384, ಅಂದರೆ 4096ರ ನಾಲ್ಕು ಪಟ್ಟು. ಹೀಗಾಗಿ ಒಂದು ಕಂಬಸಾಲಿನ ಎಲ್ಲ 4096 ಅಂಕೆಗಳೂ ಒಂದೇ ಗೂಡಿಗೆ ನುಗ್ಗುತ್ತವೆ. 8 ಜನರ ಜಗುಲಿಗೆ 4096 ಜನ ಬಂದಂತೆ, ಉಳಿದ 63 ಜಗುಲಿಗಳು ಖಾಲಿ. ಅಡ್ಡಸಾಲಿನ ಉದ್ದವನ್ನು 4096ರ ಬದಲು 4112 ಮಾಡಿ, ಕೊನೆಯ 16 ಅಂಕೆಗಳನ್ನು ಬಳಸದೆ ಹಾಗೆಯೇ ಬಿಟ್ಟು, ಮತ್ತೆ ಕಂಬಸಾಲಿನ ಗುಂಟ ಕೂಡಿಸಿ. ಆದೇಶಗಳು ಅವೇ ನಾಲ್ಕು. ಫಲಿತಾಂಶ ಬಂದು ಇಲ್ಲಿ ಹೇಳಿ.

ಮಗ್ಗದಮನೆ · ಮಧ್ಯಾಹ್ನ 1.30

ನಾನು ಕೊಡಿಯಾಲದ ನೇಕಾರರ ಮನೆಯವಳು. ಯಂತ್ರಕ್ಕೂ ಭಾಷೆಗೂ ನಡುವೆ ಒಂದಿಷ್ಟೂ ಅಂತರವಿಲ್ಲದ ಮಾದರಿ ಬೇಕಾದರೆ ಜಕಾರ್ಡ್ ಮಗ್ಗವನ್ನು ನೋಡಬೇಕು. 1804ರಲ್ಲಿ ಫ್ರಾನ್ಸ್‌ನ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಏರ್ಪಾಡು ಅದು. ರಟ್ಟಿನಲ್ಲಿ ತೂತು ಇದ್ದರೆ ಸೂಜಿ ಅದರೊಳಗೆ ತೂರಿಕೊಳ್ಳುತ್ತದೆ, ಅದಕ್ಕೆ ಸೇರಿದ ಕೊಕ್ಕೆ ತನ್ನ ಜಾಗದಲ್ಲೇ ನಿಂತು ಮೇಲಕ್ಕೆ ಏರುವ ಪಟ್ಟಿಗೆ ಸಿಕ್ಕಿ ಹಾಸಿನ ಎಳೆಯನ್ನು ಎತ್ತುತ್ತದೆ. ತೂತು ಇಲ್ಲದಿದ್ದರೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳಿ ಕೊಕ್ಕೆಯನ್ನು ತಪ್ಪಿಸುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಒಂದು ರಟ್ಟಿಗೆ ಒಂದು ಹೊಕ್ಕು. ಚಿಕ್ಕಪ್ಪ ಒಮ್ಮೆ ಸರಪಳಿ ಹೊಲಿಯುವಾಗ ಒಂದೇ ಒಂದು ರಟ್ಟನ್ನು ಹಿಂದುಮುಂದು ಮಾಡಿ ಪೋಣಿಸಿದ್ದರು. ಇಡೀ ಸೀರೆಯ ಅಂಚಿನಲ್ಲಿ ಪ್ರತಿ ಹೂವಿನ ಅದೇ ಎಸಳಿನಲ್ಲಿ ಒಂದು ಎಳೆ ತಪ್ಪಿತ್ತು. ಆ ತಪ್ಪನ್ನು ಓದಲು ಯಾವ ಡಿಬಗ್ಗರ್ ಕೂಡ ಬೇಕಾಗಲಿಲ್ಲ, ಸೀರೆಯನ್ನು ಬಿಸಿಲಿಗೆ ಹಿಡಿದರೆ ಸಾಕಾಯಿತು.

ಹಳೆಯ_ಹೆಕ್ಸ್ · ಮಧ್ಯಾಹ್ನ 2.05

ಇದನ್ನು ಓದಿ ಸಂತೋಷವಾಯಿತು. 3ಇಯ ಮೂರು ಬಿಟ್‌ಗಳು ಮೂರು ತಂತಿಗಳಾಗಿ ಹರಿಯುತ್ತವೆ ಎಂದು ನಾನು ಬರೆದದ್ದು ಇದೇ ಮಾತು, ನೀವು ನೂಲಿನಲ್ಲಿ ಹೇಳಿದಿರಿ.

ಚಾಮುಂಡಿಪಾದ · ಮಧ್ಯಾಹ್ನ 2.40

ಇವೆಲ್ಲ ಕೇಳಲು ಸೊಗಸಾಗಿವೆ. ಆದರೆ ಹೆಬ್ಬಾಳದವರು ಹೇಳಿದಂತೆ ಅಸೆಂಬ್ಲಿಯೂ ಬರಿಯ ಕರಾರು, ನಿಜ ಯಂತ್ರ ಅದರ ಹಿಂದೆ ಅಡಗಿದೆ ಎನ್ನುವುದಾದರೆ ನನ್ನ ವಾದವೇ ಗೆದ್ದಂತಾಯಿತಲ್ಲವೇ? ಕಾಣದ ಪದರದ ಮೇಲೆ ನಿಂತು ಕೆಲಸ ಮಾಡುವುದೇ ಎಲ್ಲರ ಪಾಡಾಗಿರುವಾಗ, ನಾನು ಎರಡು ಪದರ ಮೇಲೆ ನಿಂತರೆ ತಪ್ಪೇನು?

ಹೆಬ್ಬಾಳದಿಂದ · ಮಧ್ಯಾಹ್ನ 3.18

ನಿಲ್ಲುವುದು ತಪ್ಪಲ್ಲ, ಕೆಳಗೆ ಏನೂ ಇಲ್ಲವೆಂದುಕೊಳ್ಳುವುದು ತಪ್ಪು. 2018ರ ಜನವರಿಯಲ್ಲಿ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ದೋಷಗಳು ಬಯಲಾದವು. ಚಿಪ್ ಮುಂದೇನಾಗಬಹುದೆಂದು ಊಹಿಸಿ ಆದೇಶಗಳನ್ನು ಮೊದಲೇ ನಡೆಸಿ, ಊಹೆ ತಪ್ಪಿದರೆ ಅವನ್ನು ಅಳಿಸಿಹಾಕುತ್ತದೆ. ಕರಾರಿನ ಪ್ರಕಾರ ಅಳಿಸಿದ್ದು ನಡೆದೇ ಇಲ್ಲ. ಆದರೆ ಆ ಊಹೆಗಾಗಿ ತಂದ ಪಟ್ಟಿ ಕ್ಯಾಶ್‌ನಲ್ಲಿ ಹಾಗೆಯೇ ಉಳಿದಿರುತ್ತದೆ. ಯಾವ ವಿಳಾಸ ಬೇಗ ಸಿಗುತ್ತದೆ, ಯಾವುದು ತಡವಾಗುತ್ತದೆ ಎಂದು ಸಮಯ ಅಳೆದು ಇನ್ನೊಬ್ಬರ ಗುಟ್ಟನ್ನು ಓದಬಹುದೆಂದು ಗೊತ್ತಾಯಿತು. ಕಬ್ಬಿನಗದ್ದೆ ಅವರು ಅಳೆದ ಹತ್ತು ಪಟ್ಟು ಮತ್ತು ಆ ದಾಳಿಕೋರರು ಅಳೆದದ್ದು ಒಂದೇ ಜಾತಿಯ ವ್ಯತ್ಯಾಸ. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನಿಂದಲೂ ಸ್ಪೆಕ್ಟರ್ ದಾಳಿ ಸಾಧ್ಯವಾಗಿತ್ತು ಎಂಬುದನ್ನು ನೆನಪಿಸುತ್ತೇನೆ. ನಿಮ್ಮ ಎರಡು ಪದರ ಅಂದು ಅಡ್ಡ ಬರಲಿಲ್ಲ.

ಹಳೆಯ_ಹೆಕ್ಸ್ ಅವರೊಂದಿಗೂ ನನಗೆ ತಕರಾರಿದೆ. 8085ರ 246 ಆಪ್‌ಕೋಡ್‌ಗಳನ್ನು, ಅಂದರೆ 3ಇಯಂಥ ಆದೇಶ ಸಂಖ್ಯೆಗಳನ್ನು, ಇಂದಿನ ಮಕ್ಕಳಿಗೆ ಏಕೆ ಹೊರಿಸಬೇಕು? ರಿಸ್ಕ್-ವಿ ಎಂಬ ಆದೇಶಗಳ ಕರಾರನ್ನು ಕಲಿಸಿ. ಅದರ 32 ಬಿಟ್ ಮೂಲ ಪಟ್ಟಿಯಲ್ಲಿ ಇರುವುದು 40 ಆದೇಶಗಳು. ಸೊನ್ನೆಯನೆಯ ರಿಜಿಸ್ಟರ್ ಯಾವಾಗಲೂ ಸೊನ್ನೆಯೇ. ಸುಮ್ಮನಿರು ಎಂಬುದಕ್ಕೆ ಬೇರೆ ಆದೇಶವೇ ಇಲ್ಲ, ಸೊನ್ನೆಗೆ ಸೊನ್ನೆ ಕೂಡಿಸಿ ಸೊನ್ನೆಯಲ್ಲೇ ಇಡು ಎಂದರಾಯಿತು. ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರ್‌ಗಳೂ ಇದೇ ಕರಾರಿನ ಮೇಲೆ ಕಟ್ಟಿದವು.

ಹಳೆಯ_ಹೆಕ್ಸ್ · ಸಂಜೆ 4.00

ಕಲಿಸಲಿ, ನಾನು ಬೇಡವೆನ್ನುವುದಿಲ್ಲ. ಆದರೆ ಹಲಗೆಯನ್ನು ಕೈಯಲ್ಲಿ ಹಿಡಿದು, ಹಾರುವ ವಿಳಾಸವಾದ 8005ನ್ನು ಓದಿದ ಕ್ರಮದಲ್ಲೇ ಒತ್ತಿ, 'ಸಿ2 05 80' ಎನ್ನುವ ಬದಲು 'ಸಿ2 80 05' ಎಂದು ಕೊಟ್ಟು, ಪ್ರೋಗ್ರಾಂ 0580 ಎಂಬ ವಿಳಾಸಕ್ಕೆ, ಅಂದರೆ ಕಿಟ್‌ನ ಓದಲಷ್ಟೇ ಆಗುವ ರೋಮ್ ಮೆಮೊರಿಯೊಳಗೆ ಹೋಗಿ ಕಳೆದುಹೋಗುವುದನ್ನು ಒಮ್ಮೆ ನೋಡಿದವನಿಗೆ ಕಿರಿಯ ಬೈಟ್ ಮೊದಲು ಎಂಬುದು ಸಾಯುವವರೆಗೂ ಮರೆಯುವುದಿಲ್ಲ. ಸಿಮ್ಯುಲೇಟರ್ ಆ ತಪ್ಪನ್ನು ಮಾಡಲು ಬಿಡುವುದೇ ಇಲ್ಲ.

ಅರ್ಧವಿರಾಮ · ಸಂಜೆ 5.27

ಬೈಟ್‌ಗಳ ಮಾತು ಬಂದದ್ದರಿಂದ ಈ ಬಾರಿ ನಾನೂ ಉದ್ದ ಬರೆಯುತ್ತೇನೆ. ಕಾಲೇಜಿನಲ್ಲಿದ್ದಾಗ ಬಸ್ ಟಿಕೆಟ್ ತೋರಿಸುವ ಒಂದು ಆಟಿಕೆ ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಬರೆದಿದ್ದೆ. ಒಂದು ರಚನೆಯಲ್ಲಿ ಊರಿನ ಹೆಸರಿಗೆ 16 ಬೈಟ್, ಅದರ ಪಕ್ಕದಲ್ಲೇ ದರಕ್ಕೆ 4 ಬೈಟ್. ಮೊದಲು ದರ ತುಂಬಿಸಿ ಆಮೇಲೆ ಹೆಸರನ್ನು ನಕಲು ಮಾಡುತ್ತಿದ್ದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಮಂಡ್ಯ' ಎಂದರೆ ಮ, ಅನುಸ್ವಾರದ ಸೊನ್ನೆ, ಡ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ, ಯ, ಒಟ್ಟು 15 ಬೈಟ್. ಹೆಸರು ಮುಗಿಯಿತೆಂದು ಸಿ ಭಾಷೆ ಇಡುವ ಕೊನೆಯ ಸೊನ್ನೆ ಬೈಟ್ ಸೇರಿ ಸರಿಯಾಗಿ 16. ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂತಿತು. 'ಮೈಸೂರು' ಎಂದರೆ ಆರು ಸಂಕೇತ, 18 ಬೈಟ್, ಸೊನ್ನೆ ಸೇರಿ 19. ಮೈಸೂರಿನ ಟಿಕೆಟ್ ದರ 33203 ರೂಪಾಯಿ ಎಂದು ಬಂದಿತು.

ಯಾವ ಸಂಖ್ಯೆ ಇದು ಎಂದು ಹೆಕ್ಸ್‌ನಲ್ಲಿ ನೋಡಿದರೆ 81ಬಿ3. ಕೊನೆಯ ಉಕಾರದ ಮೂರು ಬೈಟ್‌ಗಳು ಇ0, ಬಿ3, 81. ಮೊದಲನೆಯದು ಹೆಸರಿನ ಕೊನೆಯ ಮನೆಯಲ್ಲಿ ಉಳಿದುಕೊಂಡಿತು, ಉಳಿದೆರಡು ಗೋಡೆ ಹಾರಿ ದರದ ಮನೆಗೆ ಹೋದವು, ಕಿರಿಯ ಬೈಟ್ ಮೊದಲು ಎಂಬ ನಿಯಮದಂತೆ ತಲೆಕೆಳಗಾಗಿ 81ಬಿ3 ಆದವು. ಮೈಸೂರಿನ 'ರು'ವಿನ ಕೊಂಬು ನನಗೆ 33203 ರೂಪಾಯಿ ದಂಡ ಹಾಕಿತು.

ಮಗ್ಗದಮನೆ · ಸಂಜೆ 5.40

ಮಂಡ್ಯಕ್ಕೆ ಅಳತೆ ಸರಿಹೋಗಿ ಮೈಸೂರಿಗೆ ಸಾಲದೆ ಹೋದದ್ದನ್ನು ಮಂಡ್ಯದವರು ಮನೆಮನೆಗೆ ಹೇಳಿಕೊಂಡು ಬರುತ್ತಾರೆ, ಎಚ್ಚರವಿರಲಿ.

ತುಕ್ಕು_ಅಭಿಮಾನಿ · ಸಂಜೆ 6.02

ರಸ್ಟ್‌ನಲ್ಲಿ ಆ ನಕಲು ಗೋಡೆ ಹಾರಲು ಬಿಡುವುದಿಲ್ಲ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಉದ್ದ ಕೇಳಿದರೆ ಅದೂ 'ಮಂಡ್ಯ'ಕ್ಕೆ 15 ಎಂದೇ ಹೇಳುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಕಬ್ಬಿನಗದ್ದೆ · ರಾತ್ರಿ 8.50

4112 ಮಾಡಿ ನೋಡಿದೆ. ಅಸೆಂಬ್ಲಿಯನ್ನೂ ಮತ್ತೆ ತೆರೆದು ನೋಡಿದೆ, 16384 ಇದ್ದಲ್ಲಿ 16448 ಬಂದಿರುವುದನ್ನು ಬಿಟ್ಟರೆ ಒಂದಕ್ಷರವೂ ಬದಲಾಗಿಲ್ಲ. ಹತ್ತು ಪಟ್ಟಿಗಿಂತ ಹೆಚ್ಚಿದ್ದದ್ದು ಮೂರು ಪಟ್ಟಿಗೆ ಇಳಿಯಿತು. ಕೋಷ್ಟಕವನ್ನು ದೊಡ್ಡದು ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ಮನೆಯಲ್ಲಿ ಹೇಳಿದರೆ ನನಗೆ ಜ್ವರ ಬಂದಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಆದರೆ ಪೂರ್ತಿ ಅಡ್ಡಸಾಲಿನಷ್ಟೇ ಸಮಯಕ್ಕೆ ಏಕೆ ಇಳಿಯಲಿಲ್ಲ?

ಹೆಬ್ಬಾಳದಿಂದ · ರಾತ್ರಿ 9.15

ಯಂತ್ರ ಮೆಮೊರಿಯನ್ನು 4 ಕೆಬಿ ಪುಟಗಳಾಗಿ ಹಂಚಿಕೊಂಡಿರುತ್ತದೆ, ಪ್ರತಿ ಹೆಜ್ಜೆಗೂ ನೀವು ಬೇರೆ ಪುಟಕ್ಕೆ ಹಾರುತ್ತಿದ್ದೀರಿ. ಪ್ರೋಗ್ರಾಂನ ವಿಳಾಸವನ್ನು ನಿಜವಾದ ಮೆಮೊರಿ ವಿಳಾಸಕ್ಕೆ ಬದಲಿಸುವ ನಕ್ಷೆಯ ಸಣ್ಣ ಪ್ರತಿಯೊಂದನ್ನು ಚಿಪ್ ತನ್ನ ಪಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ಒಂದು ಕಂಬಸಾಲಿಗೆ ಬೇಕಾದ 4096 ಪುಟಗಳ ವಿವರ ಅದರಲ್ಲಿ ಹಿಡಿಸುವುದಿಲ್ಲ. ಜೊತೆಗೆ 4096 ಪಟ್ಟಿಗಳೆಂದರೆ 256 ಕೆಬಿ, ಅದು ಮೊದಲ ಹಂತದ ಕ್ಯಾಶ್‌ನ ಎಂಟರಷ್ಟು. ಕೋಷ್ಟಕವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಕೊಂಡು, ಒಂದು ಚೌಕ ಮುಗಿಸಿ ಮುಂದಿನ ಚೌಕಕ್ಕೆ ಹೋಗಿ ನೋಡಿ.

ಕಬ್ಬಿನಗದ್ದೆ · ರಾತ್ರಿ 9.31

ನಾಳೆ ಮಾಡುತ್ತೇನೆ. ಅದಕ್ಕೂ ಮೊದಲು, ಎಣಿಸಿದ್ದೇ ಬರುವ ಆ ಯಂತ್ರವನ್ನು ಒಮ್ಮೆ ಕಣ್ಣಾರೆ ನೋಡಬೇಕೆನಿಸುತ್ತಿದೆ. ನಮ್ಮಲ್ಲಿ 8085 ಈಗ ಪರದೆಯ ಮೇಲಿನ ಸಿಮ್ಯುಲೇಟರ್ ಮಾತ್ರ.

ಹಳೆಯ_ಹೆಕ್ಸ್ · ರಾತ್ರಿ 9.48

ಸರಸ್ವತೀಪುರಂನ ನಮ್ಮ ಮನೆಯ ಅಟ್ಟದಲ್ಲಿ ಒಂದು ಕಿಟ್ ಇದೆ. ಮುಂದಿನ ಭಾನುವಾರ ಬೆಳಗಿನ ರೈಲಿಗೆ ಬನ್ನಿ. ಅದರ ಪವರ್ ಸಪ್ಲೈ ಸುಟ್ಟುಹೋಗಿದೆ, ಬರುವಾಗ 5 ವೋಲ್ಟ್‌ನದೊಂದು ತನ್ನಿ. ಅಷ್ಟೇ ಸಾಕು, ಇದರ ಅಣ್ಣ 8080 ಆಗಿದ್ದರೆ ಮೂರು ಬಗೆಯ ವೋಲ್ಟೇಜ್ ಹೊತ್ತು ತರಬೇಕಾಗುತ್ತಿತ್ತು. ಹೆಕ್ಸ್ ಕೀಲಿಗಳಲ್ಲಿ 'ಇ' ಸ್ವಲ್ಪ ಹಟಮಾರಿ, ಎರಡು ಸಲ ಒತ್ತಬೇಕು, ಆದ್ದರಿಂದ 'ಎ' ಬಿಟ್ಟು 'ಬಿ' ರಿಜಿಸ್ಟರ್‌ನಿಂದ ಆರಂಭಿಸೋಣ.